ಗೌಡ್ತಿ ಆಲೂಗೆಡ್ಡೆ ನೆಟ್ಟ ಹೊತ್ತು

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಬಾಗಿಲು ಓರೆ ಮಾಡಿದ್ದೀರಿ ತಾನೇ? ಈಗ ನಾನು ಹೇಳುವುದನ್ನು ಕೇಳಿ ಇಲ್ಲೇ ಬಿಟ್ಟುಬಿಡಬೇಕು. ಹೊರಗೆ ಹೋಗಿ ಯಾರ ಹತ್ತಿರವಾದರೂ ಬಾಯಿ ಬಿಟ್ಟಿರೋ, ನಿಮ್ಮ ಮನೆದೇವರ ಆಣೆ. ವಾರಗಿತ್ತಿಗೆ ಹೇಳದಿದ್ದರೆ ಉಂಡ ಅನ್ನ ಕರಗುವುದೇ ಇಲ್ಲ ಅನ್ನಿಸಿದರೆ ಅವಳೊಬ್ಬಳಿಗೆ ಹೇಳಿಕೊಳ್ಳಿ, ಆದರೆ ನನ್ನ ಹೆಸರು ಎತ್ತಬೇಡಿ.

ನಮ್ಮ ಪಣಕಹಳ್ಳಿಯಲ್ಲಿ ರಾಗಿ ಬಿತ್ತುವಾಗ ಯಾರೂ ನಗುವುದಿಲ್ಲ. ಜೋಳ ಹಾಕುವಾಗ ಯಾರೂ ಜಗಳ ಆಡುವುದಿಲ್ಲ. ಹಿತ್ತಲಿಗೆ ಆಲೂಗೆಡ್ಡೆ ನೆಡುವ ಕಾಲ ಬಂತು ಅನ್ನಿ, ಯಾವುದಾದರೂ ಒಂದು ಮನೆಯಲ್ಲಿ ಏನಾದರೂ ಒಂದು ಆಗಿಯೇ ತೀರುತ್ತದೆ. ಯಾಕೆ ಅಂದರೆ ರಾಗಿ ತೆನೆ ಕಣ್ಣಿಗೆ ಕಾಣುತ್ತದೆ. ಗೆಡ್ಡೆ ಮಣ್ಣಿನೊಳಗೆ ಏನು ಮಾಡುತ್ತಿದೆ ಅಂತ ಕೀಳುವವರೆಗೂ ಯಾರಿಗೆ ಗೊತ್ತು? ಅದಕ್ಕೇ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಹುಣ್ಣಿಮೆ ಕಳೆದ ಮೇಲೆ ಕತ್ತಲ ಪಕ್ಷದಲ್ಲೇ ನೆಡಬೇಕು ಅನ್ನುವವರು ಕೆಲವರು. ನೆಟ್ಟು ಬರುವಾಗ ಹಿಂತಿರುಗಿ ನೋಡಬಾರದು ಅನ್ನುವವರು ಕೆಲವರು. ನೆಡುವಾಗ ಸೀನಿದರೆ ಎದ್ದು ಮನೆಗೆ ಬಂದು, ನೀರು ಕುಡಿದು, ಮತ್ತೆ ಮೊದಲಿನಿಂದ ನೆಡುವವಳು ಒಬ್ಬಳು ಕೆಳಗಿನ ಬೀದಿಯಲ್ಲಿದ್ದಾಳೆ. ಅವಳಿಗೆ ನೆಗಡಿಯಾದ ವರ್ಷ ಗೆಡ್ಡೆಯೇ ಇಲ್ಲ.

ನನಗೆ ಇದರಲ್ಲೆಲ್ಲ ನಂಬಿಕೆ ಇದೆಯೋ ಇಲ್ಲವೋ ಕೇಳಬೇಡಿ. ನನ್ನ ಹಿತ್ತಲಿಗೆ ಒಂದು ಬೇಲಿ ಇದೆ. ಬೇಲಿಯ ಆಚೆಗೆ ಗೌಡ್ತಿಯ ಹಿತ್ತಲು ಇದೆ. ನನಗೆ ಅಷ್ಟು ಸಾಕು.

ದಪ್ಪ ಗೆಡ್ಡೆಗೆ ದಪ್ಪ ಮನುಷ್ಯ

ಪಕ್ಕದ ಮನೆ ಗೌಡ್ತಿ ನನಗಿಂತ ಚಿಕ್ಕವಳು, ಆದರೆ ಶಾಸ್ತ್ರದಲ್ಲಿ ನನ್ನ ಅಜ್ಜಿಗಿಂತ ದೊಡ್ಡವಳು. ನೆಡುವವನ ಮೈ ಹೇಗೋ ಗೆಡ್ಡೆಯ ಮೈಯೂ ಹಾಗೆ ಅನ್ನುವುದು ಅವಳ ನಂಬಿಕೆ. ಅವಳ ಗಂಡ ಗೌಡನೋ, ಒಣಗಿದ ಜೋಳದ ಕಡ್ಡಿ. ಮಾತೂ ಅಷ್ಟೆ, ಮೈಯೂ ಅಷ್ಟೆ. ಮದುವೆಯಾದ ಹೊಸದರಲ್ಲಿ ಒಂದು ಸಲ ಅವನೇ ನೆಟ್ಟಿದ್ದನಂತೆ, ಬಂದ ಗೆಡ್ಡೆಯಲ್ಲಿ ಹುಡುಗರು ಗೋಲಿ ಆಡಿದರಂತೆ. ಅವತ್ತಿನಿಂದ ಗೌಡ ಸ್ವಂತ ಹಿತ್ತಲಲ್ಲಿ ಬಿತ್ತನೆ ಗೆಡ್ಡೆ ಮುಟ್ಟುವ ಹಾಗಿಲ್ಲ.

ಹೋದ ವರ್ಷ ಗೌಡ್ತಿ ಬಸ್ ಸ್ಟಾಪಿನ ಟೀ ಅಂಗಡಿಯವನನ್ನು ಕರೆಸಿದಳು. ಆ ಮನುಷ್ಯ ಎಲ್ಲಿಗೆ ಹೋದರೂ ಹೊಟ್ಟೆ ಮೊದಲು ಹೋಗುತ್ತದೆ, ಆಮೇಲೆ ಅವನು ಹೋಗುತ್ತಾನೆ. ಅವನು ಬಂದ ತಕ್ಷಣ ಬುಟ್ಟಿ ಕೊಡಬಹುದಿತ್ತಲ್ಲ? ಕೊಡಲಿಲ್ಲ. ಹಸಿದ ಹೊಟ್ಟೆಯಲ್ಲಿ ನೆಟ್ಟರೆ ಗೆಡ್ಡೆ ಒಳಗೆ ಟೊಳ್ಳಾಗುತ್ತದಂತೆ. ಮುದ್ದೆ ಬಡಿಸಿದಳು, ಅವರೆಕಾಳಿನ ಸಾರು ಬಡಿಸಿದಳು, ಅನ್ನ ಬಡಿಸಿದಳು, ಮೇಲೆ ಕಾಯೊಬ್ಬಟ್ಟು. ಗೌಡ ಬಾಗಿಲಲ್ಲಿ ನಿಂತು ಒಬ್ಬಟ್ಟಿನ ತಟ್ಟೆಯನ್ನೇ ನೋಡುತ್ತಿದ್ದ. "ನಿಮ್ಗೆ ಆಮ್ಯಾಲ" ಅಂದಳು.

ಟೀ ಅಂಗಡಿಯವನು ಕೈ ತೊಳೆದು, "ಒಂದ್ ಗಳಿಗ ಗೋಡೆಗ ಒರಗ್ತೀನಿ ಕಣವ್ವ, ಅನ್ನ ಇಳೀಲಿ" ಅಂದ. ಒರಗಿದ. ಗೊರಕೆ ನಮ್ಮ ಅಡುಗೆಮನೆಗೆ ಕೇಳಿಸಿತು.

ಗೌಡ್ತಿ ಬುಟ್ಟಿ ಹಿಡಿದುಕೊಂಡು ಅವನ ಸುತ್ತ ಸುತ್ತಿದಳು. ನಾನು ಬೇಲಿಯಿಂದ, "ಎಬ್ಬಿಸಮ್ಮಿ, ಹೊತ್ತು ಹೋಯ್ತದ" ಅಂದೆ.

"ಎಬ್ಬಿಸ್ಬಾರ್ದು ಕಣಕ್ಕ. ನಿದ್ದಗಣ್ಣಲ್ಲಿ ನೆಟ್ರ ಗೆಡ್ಡ ಮೊಳಿಯಾದಿಲ್ಲ."

"ಹಂಗಾರ ಎದ್ದಾಗ ನೆಡ್ಸು."

"ಅಷ್ಟೊತ್ಗ ರಾಹುಕಾಲ ಬತ್ತದ."

ಕೊನೆಗೆ ಅವಳು ಏನು ಮಾಡಿದಳು ಅಂದರೆ, ಒಳಗೆ ಹೋಗಿ ಒಂದು ದಿಂಬು ತಂದಳು. ಗೌಡನ ಹೊಟ್ಟೆಗೆ ಇಟ್ಟು ಟವೆಲಿನಲ್ಲಿ ಬಿಗಿದು, ಮೇಲೆ ಅಂಗಿ ತೊಡಿಸಿ, "ಈಗ ನೆಡಿ" ಅಂದಳು. ಪಾಪದ ಮನುಷ್ಯ, ಬಗ್ಗಿದರೆ ದಿಂಬು ಗಂಟಲಿಗೆ ಬರುತ್ತದೆ, ನಿಂತರೆ ಸೊಂಟಕ್ಕೆ ಇಳಿಯುತ್ತದೆ. ಹಾಗೂ ಹೀಗೂ ಎಲ್ಲ ಪಾತಿಯನ್ನೂ ಮುಗಿಸಿದ. ಕಡೆಯ ಗೆಡ್ಡೆಗೆ ಮಣ್ಣು ಮುಚ್ಚುವ ಹೊತ್ತಿಗೆ ಟೀ ಅಂಗಡಿಯವನಿಗೆ ಎಚ್ಚರವಾಯಿತು. ಕಣ್ಣು ಉಜ್ಜಿಕೊಂಡು ಗೌಡನ ಹೊಟ್ಟೆ ನೋಡಿದ. ಮತ್ತೆ ಉಜ್ಜಿಕೊಂಡು ನೋಡಿದ.

"ಗೌಡ್ರೆ," ಅಂದ, "ನಾ ಮಲ್ಗಿ ಎಷ್ಟ್ ತಿಂಗ್ಳಾಯ್ತು?"

ಬಿತ್ತನೆ ತರಲು ಹೋದವನು

ಈ ವರ್ಷ ಬೇಸಿಗೆಯಲ್ಲಿ ಗೌಡ್ತಿಯ ಮಗನಿಗೆ ಮದುವೆಯಾಯಿತು. ಹುಡುಗಿ ದೊಡ್ಡಗಾಜನೂರಿನವಳು. ಬಾಯಿ ತುಂಬಾ ಅಜ್ಜಿ ಅಜ್ಜಿ ಅಂತ ಕರೆಯುತ್ತಾಳೆ, ನನಗೆ ಅವಳ ಮೇಲೆ ಏನೂ ದೂರಿಲ್ಲ. ಇರಲಿ, ಇನ್ನೂ ಹೊಸಬಳು.

ನಮ್ಮ ತಾಳವಾಡಿ ಸೀಮೆಯ ಸಂಗತಿ ನಿಮಗೆ ಗೊತ್ತಲ್ಲ. ಆಡುವ ಮಾತು ಕನ್ನಡ, ಸೇರಿದ್ದು ತಮಿಳುನಾಡಿಗೆ, ಆಫೀಸೆಲ್ಲ ತಮಿಳು. ಮನೆಯ ಗೋಡೆಯ ಮೇಲೂ ಹಾಗೇ. ಒಂದು ಮೊಳೆಗೆ ಚಾಮರಾಜನಗರದಿಂದ ತಂದ ಕನ್ನಡ ಪಂಚಾಂಗ, ಇನ್ನೊಂದು ಮೊಳೆಗೆ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರು. ಎರಡಕ್ಕೂ ತಿಂಗಳು ಹುಟ್ಟುವ ದಿನವೇ ಬೇರೆ. ಗೌಡ್ತಿ ಕನ್ನಡ ಪಂಚಾಂಗದವಳು. ಅವಳ ಬೀಗಿತ್ತಿ, ಅಂದರೆ ಹುಡುಗಿಯ ಅವ್ವ, ತಮಿಳು ಕ್ಯಾಲೆಂಡರಿನವಳು.

ಹೊಸ ಮದುಮಗಳು ಆಷಾಢದಲ್ಲಿ ಗಂಡನ ಮನೆಯಲ್ಲಿ ಇರಬಾರದು ಅಂತ ಗೌಡ್ತಿಯೇ ಸೊಸೆಯನ್ನು ತವರಿಗೆ ಕಳಿಸಿದಳು. ಸರಿ, ಆಷಾಢ ಮುಗಿಯಿತು, ಕಳಿಸಿಕೊಡಿ ಅಂದಳು. ಅಲ್ಲಿಂದ ಬೀಗಿತ್ತಿ ಹೇಳಿದಳಂತೆ, "ನಿಮ್ಮ ಆಷಾಢ ಮುಗೀತು, ನಮ್ಮ ಆಡಿ ತಿಂಗ್ಳು ಮುಗ್ದಿಲ್ಲ. ಆಡೀಲಿ ಗಂಡ ಹೆಂಡ್ತಿ ಜೊತೇಲಿದ್ರ ಚಿತ್ತಿರೆ ಬಿಸ್ಲಲ್ಲಿ ಕೂಸು ಉಟ್ತದ. ಆಡಿ ಕಳೀಲಿ." ಇಬ್ಬರೂ ಫೋನಿನಲ್ಲಿ ಇದನ್ನೇ ಆಡಿದ್ದೂ ಆಡಿದ್ದೇ.

ಇವರಿಬ್ಬರ ನಡುವೆ ಆ ಹುಡುಗ ಸೊರಗಿ ಹೋದ. ಹಸುವಿಗೆ ಹಾಕುವ ಹುಲ್ಲನ್ನು ತೊಟ್ಟಿಯ ನೀರಿಗೆ ಹಾಕಿದ. ಒಂದು ದಿನ ಬೆಳಗ್ಗೆ ಗಾಡಿ ಒರೆಸಿ, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ.

"ಎಲ್ಲಿಗ್ಲಾ?" ಅಂದಳು ಗೌಡ್ತಿ.

"ಅತ್ತ ಮನೆಗವ್ವ. ಅವ್ರು ಆಲೂಗೆಡ್ಡ ಬಿತ್ನ ಚೆಂದಾಗಿ ಇಟ್ಟವ್ರಂತ. ಒಂದ್ ಮೂಟ ತತ್ತೀನಿ."

ಬೀಗಿತ್ತಿಯ ಬಿತ್ತನೆ ಗೆಡ್ಡೆಗೆ ಸೀಮೆಯಲ್ಲೇ ಹೆಸರು, ಅದು ನಿಜ. ಆದರೆ ಬಿತ್ತನೆ ತರಲು ಸೆಂಟು ಹಾಕಿಕೊಂಡು ಹೋದವನನ್ನು ನಾನು ಅವತ್ತೇ ನೋಡಿದ್ದು.

ಮಧ್ಯಾಹ್ನ ಗಾಡಿ ವಾಪಸು ಬಂತು. ಮೂಟೆ ಇತ್ತು. ಸೊಸೆಯೂ ಇದ್ದಳು.

ಗೌಡ್ತಿ ಸೊಂಟದ ಮೇಲೆ ಕೈಯಿಟ್ಟಳು. "ಬಿತ್ನ ತತ್ತೀನಿ ಅಂದೋದೋನು ಇದೇನ್ಲಾ?"

"ಮೂಟ ಬಿದ್ದೋಯ್ತದ ಅಂತ ಇಡ್ಕಳಕ್ಕ ಒಬ್ರು ಬೇಕಾಗಿತ್ತವ್ವ."

ಮೂಟೆ ಇದ್ದದ್ದು ಗಾಡಿಯ ಮುಂದೆ, ಅವನ ಕಾಲಿನ ಹತ್ತಿರ. ಅವಳು ಕೂತಿದ್ದದ್ದು ಹಿಂದೆ. ಅವಳು ಹಿಡಿದುಕೊಂಡಿದ್ದದ್ದು ಮೂಟೆಯನ್ನಲ್ಲ, ಅದನ್ನು ನಾನು ಬೇಲಿಯಿಂದಲೇ ಕಂಡೆ.

ಬೀಗಿತ್ತಿ ಉಂಡ ಪಲ್ಯ

ಬಿತ್ತನೆ ಬಂತಲ್ಲ, ನೆಟ್ಟರಾ? ಇಲ್ಲ. ಆಗ ಚಂದ್ರ ಬೆಳೆಯುತ್ತಿದ್ದ. ಬೆಳದಿಂಗಳಲ್ಲಿ ನೆಟ್ಟರೆ ಚಂದ್ರ ಗಿಡವನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಸೊಪ್ಪು ಸೊಂಟದೆತ್ತರ ಬರುತ್ತದೆ, ಕೆಳಗೆ ನೋಡಿದರೆ ಏನೂ ಇರುವುದಿಲ್ಲ ಅಂತ ಗೌಡ್ತಿ ಮೂಟೆಯನ್ನು ಮಂಚದ ಕೆಳಗೆ ತಳ್ಳಿದಳು. ಹುಣ್ಣಿಮೆ ಕಳೆಯಲಿ, ಕತ್ತಲು ಬರಲಿ ಅಂದಳು. ಗೆಡ್ಡೆಗೆ ಪಂಚಾಂಗ ಓದಲು ಬರುತ್ತದೆಯೇ? ಅದು ಮಂಚದ ಕೆಳಗೇ ಮೊಳಕೆ ಬಿಟ್ಟುಕೊಂಡು ಕೂತಿತು.

ಅಷ್ಟರಲ್ಲಿ ಬೀಗಿತ್ತಿ ಬಸ್ಸಿಳಿದು ಬಂದಳು. ಆಡಿ ಮುಗಿಯುವವರೆಗೂ ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದು. ಮುಖ ಸುಟ್ಟ ಬದನೆಕಾಯಿ ಆಗಿತ್ತು. ಆದರೆ ಸೊಸೆ ಜಾಣೆ. ಅವ್ವನ ಕೈಗೆ ನೀರು ಕೊಟ್ಟು, ಒಳಗೆ ಹೋಗಿ, ಬಿಸಿಬಿಸಿ ದೋಸೆ ಹುಯ್ದು, ಆಲೂಗೆಡ್ಡೆ ಪಲ್ಯ ಮಾಡಿ ಮುಂದಿಟ್ಟಳು. ಬೀಗಿತ್ತಿ ಮೊದಲನೇ ದೋಸೆ ಸಿಟ್ಟಿನಲ್ಲಿ ತಿಂದಳು. ಎರಡನೆಯದನ್ನು ಸುಮ್ಮನೆ ತಿಂದಳು. ಮೂರನೆಯದಕ್ಕೆ ಮುಖ ಅರಳಿತು.

"ಗೆಡ್ಡ ಬೆಣ್ಣ ಬೆಂದಂಗ ಬೆಂದದ. ಎಲ್ ತಂದ್ರಿ ಬೀಗಿತ್ತಿ?"

"ತಾಳವಾಡಿ ಸಂತೇದಿರ್ಬೇಕು" ಅಂದಳು ಗೌಡ್ತಿ.

ಸೊಸೆ ಒಲೆಯ ಹತ್ತಿರದಿಂದ, "ಇಲ್ಲತ್ತೆ, ನಮ್ಮವ್ವನ ಮನೇವು. ಮಂಚದ ಕೆಳ್ಗ ಮೂಟೇಲಿದ್ವಲ್ಲ, ಮೊಳ್ಕ ಮುರ್ದು ಮಾಡ್ದೆ" ಅಂದಳು.

ಬೀಗಿತ್ತಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಉಗಿಯುವ ಹಾಗಿಲ್ಲ, ಅನ್ನ. ನುಂಗುವ ಹಾಗಿಲ್ಲ, ಬಿತ್ತನೆ. ಕಣ್ಣು ಎರಡೂ ಹೊರಗೆ ಬಂದವು. ಕೊನೆಗೆ ನುಂಗಿದಳು. ನುಂಗಿದ ಮೇಲೆ ಬಾಯಿ ತೆರೆದಳು ನೋಡಿ.

"ಬೂದಿ ಬಳ್ದು, ಬಿಸ್ಲು ತಾಗ್ದಂಗ ಮಗೀನಂಗ ಕಾಪಾಡಿದ್ ಬೀಜ. ಆಡೀಲಿ ಬಿತ್ತುದ್ರ ಕೈ ಬುಡದಿಲ್ಲ ಅಂತ ಕೊಟ್ರ, ಬೇಯ್ಸಿ ಉಂಡ್ರಲ್ಲ. ಅದೂ ನನ್ ಬಾಯ್ಗೇ ಇಕ್ಕುದ್ರಿ."

"ಇನ್ನೇನ್ ಮಾಡ್ಬೇಕಿತ್ತು?" ಗೌಡ್ತಿಯೂ ಬಿಡಲಿಲ್ಲ. "ಬೆಳ್ದಿಂಗ್ಳಲ್ಲಿ ಗೆಡ್ಡ ನೆಡೋರ್ ಮನೆ ಬೀಜ ಬಾಣ್ಲಿಗೇ ಲಾಯಕ್ಕು."

"ಬಿತ್ತಕ್ಕ ಕೊಟ್ರ ಬೇಯ್ಸೋ ಮನೆ ಇದು. ನಡಿ ಮಗ ಊರ್ಗ."

ಹುಡುಗಿ ಗಂಡನ ಮುಖ ನೋಡಿದಳು, ಕಂಬ ಹಿಡಿದು ನಿಂತಳು. ಅವ್ವನಿಗೆ ಅದು ಇನ್ನೂ ಉರಿಯಿತು.

"ಸರಿ. ನೀವಾಗಿ ನೀವು ಒಳಕ್ಕ ಬಾ ಅನ್ನೋಗಂಟ ನಾ ಈ ಒಸ್ಲು ತುಳಿಯಾದಿಲ್ಲ."

"ನಾನ್ ಕರಿಯಾದೂ ಇಲ್ಲ," ಅಂದಳು ಗೌಡ್ತಿ. ಸೊಸೆಯ ಕಡೆ ತಿರುಗಿ, "ನೀನಾಗ್ಲಿ ನನ್ ಮಗ ಆಗ್ಲಿ ದೊಡ್ಡಗಾಜನೂರ್ಗ ಫೋನ್ ಮಾಡುದ್ರ ನನ್ನಾಣ" ಅಂದುಬಿಟ್ಟಳು. ಆಣೆ ಇಟ್ಟ ಮೇಲೆ ಮುಗಿಯಿತಲ್ಲ. ಆ ಹುಡುಗಿಗೆ ಅವ್ವನ ದನಿಯೂ ಹೋಯಿತು, ಮುಖವೂ ಹೋಯಿತು.

ಇಬ್ಬರೂ ಮಾತು ಬಿಟ್ಟರು, ಆದರೆ ಬಸ್ಸು ಬರಲು ಇನ್ನೂ ಹೊತ್ತಿತ್ತು. ಬೀಗಿತ್ತಿ ಜಗಲಿಯ ಮೇಲೆ ಕೂತಳು, ಗೌಡ್ತಿ ಒಳಗೆ ಕೂತಳು, ಹುಡುಗಿ ನಡುವೆ ನಿಂತಳು.

"ನಿಮ್ಮವ್ವುಂಗ ಯೋಳು, ಬಿಸ್ಲದ, ಮಜ್ಜಿಗ ಕುಡೀಲಿ ಅಂತ."

"ನಿಮ್ಮತ್ತಗ ಯೋಳು, ಉಪ್ಪು ಕಮ್ಮಿ ಆಕ್ಲಿ ಅಂತ."

"ನಿಮ್ಮವ್ವುಂಗ ಯೋಳು, ಉಪ್ಪೇ ಆಕಿಲ್ಲ ಅಂತ."

"ನಿಮ್ಮತ್ತಗ ಯೋಳು, ಅಂಗಂತ ಪೂರ್ತಿ ಬುಟ್ರ ಎಂಗ ಅಂತ."

ಹುಡುಗಿಯ ಕತ್ತು ಆಚೆ ಈಚೆ ಆಡಿ ಆಡಿ ನೋವು ಬಂತು. ಬಸ್ಸು ಬಂತು. ಬೀಗಿತ್ತಿ ಎದ್ದವಳು ಒಂದು ಗಳಿಗೆ ನಿಂತು, ಸೆರಗು ಸರಿ ಮಾಡಿಕೊಂಡು, ಉಳಿದ ಪಲ್ಯವನ್ನು ಡಬ್ಬಿಗೆ ಹಾಕಿಸಿಕೊಂಡು ಹೋದಳು.

ಗುಮಟಾಪುರದ ಗೊಬ್ಬರ

ಬಿತ್ತನೆ ಹೊಟ್ಟೆಗೆ ಹೋದ ಮೇಲೆ ಆ ಮಳೆಗಾಲದಲ್ಲಿ ಗೌಡ್ತಿ ಏನೂ ನೆಡಲಿಲ್ಲ. ದೀಪಾವಳಿ ಕಳೆಯಲಿ, ಚಳಿ ಗೆಡ್ಡೆ ಹಾಕೋಣ ಅಂದಳು. ದೀಪಾವಳಿ ಆದ ಮೇಲೆ ಗುಮಟಾಪುರದಲ್ಲಿ ಬೀರೇಶ್ವರನ ಮುಂದೆ ಗಂಡಸರು ಸಗಣಿಯಲ್ಲಿ ಹೊಡೆದಾಡುತ್ತಾರಲ್ಲ, ಆ ಸಗಣಿ ಒಂದು ಹಿಡಿ ತಂದು ಪಾತಿಗೆ ಹಾಕಿದರೆ ಗೆಡ್ಡೆಗೆ ಹುಳ ಬರುವುದಿಲ್ಲ ಅನ್ನುವುದು ಇನ್ನೊಂದು ನಂಬಿಕೆ. ಅದನ್ನು ತರಲು ಬಕೀಟು ಕೊಟ್ಟು ಗೌಡನನ್ನು ಕಳಿಸಿದಳು.

ಮನೆಯಲ್ಲಿ ಬಾಯಿ ತೆರೆಯದ ಮನುಷ್ಯ ಅಲ್ಲಿ ಹೋಗಿ ಏನಾದನೋ ಕಾಣೆ. ದಡದಲ್ಲಿ ನಿಂತು ನೋಡಲು ಹೋದವನು ಸಗಣಿ ಗುಡ್ಡೆಗೇ ಇಳಿದುಬಿಟ್ಟಿದ್ದಾನೆ. ಮೂವತ್ತು ವರ್ಷದ ಸಂಸಾರದ ಸಿಟ್ಟನ್ನೆಲ್ಲ ಅಲ್ಲೇ ತೀರಿಸಿಕೊಂಡನಂತೆ, ನೋಡಿ ಬಂದವರು ಹೇಳಿದರು. ಸಂಜೆ ಬೀದಿ ತುದಿಯಲ್ಲಿ ಒಂದು ಹಸಿರು ಆಕಾರ ಬಂತು. ನಾಯಿಗಳು ಬೊಗಳಿದವು. ಹಲ್ಲು ಮಾತ್ರ ಬೆಳ್ಳಗಿತ್ತು. ಗೌಡ ನಗುತ್ತಿದ್ದ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಬಕೀಟು ಇರಲಿಲ್ಲ.

"ಬಕೀಟ್ ಎಲ್ಲಿ?" ಅಂದಳು ಗೌಡ್ತಿ.

"ಅದ್ರಲ್ಲೇ ಒಬ್ಬುಂಗ ಒಡ್ದೆ. ಅದು ಅಲ್ಲೇ ಓಯ್ತು."

ಗೌಡ ತೊಟ್ಟಿಯ ಕಡೆ ನಡೆದ. ಗೌಡ್ತಿ ಅಡ್ಡ ನಿಂತಳು. "ಅಲ್ ತೊಳ್ಕಬ್ಯಾಡಿ. ದೇವ್ರ ಸಗಣಿ ಮೋರಿಗ ಓಗ್ಬಾರ್ದು. ಬನ್ನಿ, ಪಾತೀಲಿ ನಿಂತ್ಕಳಿ."

ಗೌಡನನ್ನು ಹಿತ್ತಲಿನ ಪಾತಿಯಲ್ಲಿ ನಿಲ್ಲಿಸಿ ತಲೆಯ ಮೇಲೆ ಚೊಂಬು ಚೊಂಬು ನೀರು ಹುಯ್ದಳು. ಒಂದು ಸಾಲಿಗೆ ಹರಿದ ಮೇಲೆ, "ಈಚೆಗ ಬನ್ನಿ" ಅಂತ ಮುಂದಿನ ಸಾಲಿಗೆ. ಅದಾದ ಮೇಲೆ ಇನ್ನೊಂದು ಸಾಲಿಗೆ. ಅಲ್ಲಿಗೆ ಬರುವ ಹೊತ್ತಿಗೆ ಗೌಡನ ಮೂಗು ಕಂಡಿತು, ಆಮೇಲೆ ಮೀಸೆ ಕಂಡಿತು. ನಾನು ಬೇಲಿ ಹಿಡಿದುಕೊಂಡು ನಗುತ್ತಿದ್ದೆ. ಸೊಸೆಯೂ ನಗುತ್ತಿದ್ದಳು. ನಗುನಗುತ್ತಲೇ ಬಾಯಿಗೆ ಸೆರಗು ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಓಡಿ ವಾಂತಿ ಮಾಡಿಕೊಂಡಳು.

"ಸಗಣಿ ವಾಸ್ನ ಅಷ್ಟೆ" ಅಂದಳು ಗೌಡ್ತಿ, ನನ್ನ ಕಡೆ ನೋಡದೆ.

ದಿನಾ ಕೊಟ್ಟಿಗೆ ಬಾಚುವ ಹುಡುಗಿಗೆ ಸಗಣಿ ವಾಸನೆಗೆ ವಾಂತಿಯಂತೆ. ನಾನು ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದೆ.

ಅತ್ತ ಗೌಡ್ತಿ, "ಇನ್ನೊಂದ್ ಪಾತಿ ಉಳ್ಕತ್ತಲ್ಲ, ನಿಮ್ ಮೈಲಿ ಏನೂ ಇಲ್ಲ" ಅಂತ ಕೊರಗುತ್ತಿದ್ದಳು.

ಗೌಡ ಮೀಸೆ ಹಿಂಡಿಕೊಂಡು ಹೇಳಿದ, "ಅಷ್ಟೇ ತಾನೆ? ಮತ್ತ ಓಗಿ ಆಡ್ಬುಟ್ಟು ಬತ್ತೀನಿ ಬುಡು."

ಭಾನುವಾರ ಸಂಜೆ

ಸೊಸೆಗೆ ಆಮೇಲೆ ಏನೂ ಸೇರಲಿಲ್ಲ. ಮುದ್ದೆ ಕಂಡರೆ ಓಡುವಳು. ಗೌಡ್ತಿ ಚಿತ್ರಾನ್ನ ಮಾಡಿದಳು, ಪಾಯಸ ಮಾಡಿದಳು, ಯಾವುದೂ ಒಳಗೆ ನಿಲ್ಲಲಿಲ್ಲ. ಒಂದು ದಿನ ಹುಡುಗಿ ಬೇಲಿಯ ಹತ್ತಿರ ಬಂದು, "ಅಜ್ಜಿ, ನಮ್ಮವ್ವ ಮಾಡ ಉಪ್ಸಾರು ಉಣ್ಬೇಕು ಅನ್ನಿಸ್ತದ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡಳು. ನನ್ನ ಉಪ್ಸಾರು ಒಂದು ಲೋಟ ಕೊಟ್ಟೆ. ಒಂದು ಗುಟುಕು ಕುಡಿದು ಅದನ್ನೂ ಆಚೆ ಹಾಕಿದಳು. ನನ್ನ ಉಪ್ಸಾರಿನಲ್ಲಿ ಏನೂ ತಪ್ಪಿರಲಿಲ್ಲ, ಅದನ್ನು ನೀವು ತಿಳಿದುಕೊಳ್ಳಬೇಕು. ಅವಳಿಗೆ ಬೇಕಾಗಿದ್ದದ್ದು ಉಪ್ಸಾರಲ್ಲ, ಅವ್ವ. ಗೌಡ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡು ಒಳಗೆ ಹೋದಳು.

ಕಾರ್ತಿಕದ ಹುಣ್ಣಿಮೆ ಕಳೆಯಿತು, ಕತ್ತಲ ಪಕ್ಷ ಬಂತು. ಒಂದು ಭಾನುವಾರ ಸಂಜೆ ನಾನು ಹಾಲಿನ ಕ್ಯಾನು ತೊಳೆದು ಡೈರಿಗೆ ಹೊರಡುತ್ತಿದ್ದೆ. ಆಚೆ ಹಿತ್ತಲಲ್ಲಿ ಸದ್ದಾಯಿತು. ಸುಮ್ಮನೆ ಇಣುಕಿದೆ. ಗೌಡ್ತಿ ಸೊಸೆಯ ಕೈಗೆ ಬಿತ್ತನೆ ಗೆಡ್ಡೆ ಕೊಡುತ್ತಿದ್ದಾಳೆ. ಸೊಸೆ ತಲೆಗೆ ಹೂ ಮುಡಿದು, ಮಡಿಲಿಗೆ ಗೆಡ್ಡೆ ತುಂಬಿಕೊಂಡು, ಮೊದಲನೇ ಗುಳಿಗೆ ಇಡುತ್ತಿದ್ದಾಳೆ.

ಇದಕ್ಕೆ ಅರ್ಥ ಒಂದೇ. ಬಸುರಿಯ ಮಡಿಲಿಂದ ಮೊದಲ ಗೆಡ್ಡೆ ಮಣ್ಣಿಗೆ ಹೋದರೆ ಬುಡಬುಡದಲ್ಲೂ ಮರಿ ತುಂಬುತ್ತದೆ ಅಂತ ನಮ್ಮ ಕಡೆ ಎಲ್ಲ ಹೆಂಗಸರಿಗೂ ಗೊತ್ತು. ಬಸುರಿ ಅಲ್ಲದವಳ ಮಡಿಲಿಗೆ ಯಾರೂ ಬಿತ್ತನೆ ತುಂಬುವುದಿಲ್ಲ. ಆದರೆ ನನಗೆ ಆಶ್ಚರ್ಯ ಆದದ್ದು ಹೊತ್ತು ನೋಡಿ. ಭಾನುವಾರ ಸಂಜೆ ರಾಹುಕಾಲ ಅನ್ನುವುದು ಕನ್ನಡ ಪಂಚಾಂಗದಲ್ಲೂ ಇದೆ, ತಮಿಳು ಕ್ಯಾಲೆಂಡರಿನಲ್ಲೂ ಇದೆ. ಹೊತ್ತು ನೋಡದೆ ಹಲ್ಲೂ ಉಜ್ಜದ ಗೌಡ್ತಿ ಇದ್ಯಾಕೆ ಹೀಗೆ ಅಂದುಕೊಂಡೆ. ಮೊಮ್ಮಗುವಿನ ಸಂತೋಷಕ್ಕೆ ಮರೆತಿರಬೇಕು ಅಂದುಕೊಂಡೆ.

ಗೌಡ್ತಿ ನನ್ನನ್ನು ನೋಡಿ ಬೆಚ್ಚಿದ ಹಾಗೆ ಮಾಡಿದಳು. ಬೇಲಿಯ ಹತ್ತಿರ ಬಂದು ನನ್ನ ಕೈ ಹಿಡಿದಳು.

"ಅಕ್ಕ, ಕಂಡ್ಬುಟ್ರಲ್ಲ. ಯಾರ್ಗೂ ಯೋಳ್ಬ್ಯಾಡಿ. ಇನ್ನೂ ದಿನ ತುಂಬಿಲ್ಲ, ದಿಷ್ಟಿ ಆಯ್ತದ."

"ನಾನ್ಯಾಕಮ್ಮಿ ಹೇಳ್ಲಿ?"

"ಯಾರ್ಗ್ ಗೊತ್ತಾದ್ರೂ ದೊಡ್ಡಗಾಜನೂರ್ಗ ಮಾತ್ರ ಗೊತ್ತಾಗ್ಕೂಡ್ದು. ನಿಮ್ ಕಾಲ್ಗ ಬೀಳ್ತೀನಿ."

ನಾನು ಕ್ಯಾನಿನ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಮಾತು ಉಳಿಸಿಕೊಂಡೆ ಕೂಡ. ಡೈರಿಯಲ್ಲಿ ಹೇಳಿದ್ದು ಒಬ್ಬಳಿಗೇ, ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವಳಿಗೆ, ಅದೂ ಕಿವಿಯಲ್ಲಿ. ಅವಳಿಗೆ ಕಿವಿ ಮಂದ ಆದರೆ ಅದು ನನ್ನ ತಪ್ಪೇ? ಸ್ವಲ್ಪ ಗಟ್ಟಿಯಾಗಿ ಇನ್ನೊಂದು ಸಲ ಹೇಳಬೇಕಾಯಿತು. ಹಾಲು ಅಳೆಯುವವನು ಅಳೆಯುವುದು ಬಿಟ್ಟು, "ಹೌದಾ ಅಜ್ಜಿ?" ಅಂದ. ಅವನಿಗೆ ನಾನು ಹೇಳಲೇ ಇಲ್ಲ, ಹೂಂ ಅಂದೆ ಅಷ್ಟೆ. ಹಾಲಿನ ವ್ಯಾನು ನಮ್ಮಲ್ಲಿಂದ ಹೊರಟು ದೊಡ್ಡಗಾಜನೂರಿನ ಮೇಲೆ ಹೋಗುತ್ತದೆ. ಅದು ವ್ಯಾನಿನವರ ದಾರಿ. ನಾನೇನು ಮಾಡಲಿ?

ಮರುದಿನ ಮೊದಲ ಬಸ್ಸಿಗೆ ಬೀಗಿತ್ತಿ ಇಳಿದಳು.

ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಉಪ್ಸಾರು ತುಂಬಿದ ತೂಕ್ಕರಿಯರು, ಹಿಡಿಕೆಯ ಊಟದ ಡಬ್ಬಿ. ಓಡುವ ನಡಿಗೆಯಲ್ಲೇ ಬಂದವಳು ಗೌಡ್ತಿಯ ಹೊಸಿಲಿನ ಹತ್ತಿರ ಬಂದಾಗ ಕಾಲಿಗೆ ಹಗ್ಗ ಕಟ್ಟಿದ ಹಾಗೆ ನಿಂತಳು. ಬಾ ಅನ್ನುವವರೆಗೂ ತುಳಿಯುವುದಿಲ್ಲ ಅಂದಿದ್ದಳಲ್ಲ. ಒಳಗಿನಿಂದ ಗೌಡ್ತಿ ಬಂದು ಹೊಸಿಲಿನ ಒಳಬದಿಗೆ ನಿಂತಳು. ಕರೆಯುವುದಿಲ್ಲ ಅಂದಿದ್ದಳಲ್ಲ. ಒಬ್ಬಳು ಬಾಗಿಲಿನ ಮೇಲಿನ ತೋರಣ ನೋಡಿದಳು, ಇನ್ನೊಬ್ಬಳು ಬೀದಿಯಲ್ಲಿ ಹೋಗುವ ಕೋಳಿ ನೋಡಿದಳು. ನಾನು ರಂಗೋಲಿ ಹಾಕುವ ನೆಪದಲ್ಲಿ ನಮ್ಮ ಬಾಗಿಲ ಮುಂದೆ ಕೂತೆ. ಇದ್ದ ರಂಗೋಲಿ ಪುಡಿ ಎಲ್ಲ ಖಾಲಿಯಾಯಿತು, ಇವರಿಬ್ಬರಲ್ಲಿ ಒಬ್ಬಳೂ ತುಟಿ ಬಿಚ್ಚಲಿಲ್ಲ.

ಹುಡುಗಿ ಓಡಿ ಬಂದು ಇಬ್ಬರ ನಡುವೆ ನಿಂತಳು. "ಅವ್ವ" ಅಂದಳು.

ಗೌಡ್ತಿ ಸೊಸೆಯ ಹೊಟ್ಟೆಯ ಕಡೆ ಬಗ್ಗಿದಳು. "ಕೂಸೇ," ಅಂದಳು, "ನಿಮ್ಮಜ್ಜಿ ಬಿಸ್ಲಲ್ಲಿ ನಿಂತವ್ಳೆ. ನಂಗ ಕರಿಯಕ್ಕಾಗಾದಿಲ್ಲ. ನೀನೇ ಕರಿ."

ಬೀಗಿತ್ತಿಯೂ ಬಗ್ಗಿದಳು. "ಕೂಸು ಕರುದ್ಮ್ಯಾಲ ಇಲ್ಲ ಅನ್ನಕ್ಕಾದ್ದಾ?" ಅಂದು ಬಲಗಾಲಿಟ್ಟು ಒಳಗೆ ಬಂದೇಬಿಟ್ಟಳು.

ಮೂಟೆಯ ಮಾತಿಲ್ಲ, ಮಜ್ಜಿಗೆಯ ಮಾತಿಲ್ಲ, ಅವತ್ತು ಅವರಿಬ್ಬರೂ ಆಡಿದ ಮಾತೆಲ್ಲ ಆ ಹೊಟ್ಟೆಯ ಜೊತೆಯೇ. "ಕೂಸೇ, ನಿಮ್ಮಜ್ಜೀಗ ಯೋಳು, ಉಪ್ಸಾರು ಇನ್ನೂ ಬಿಸಿಯದ." "ಕೂಸೇ, ನಿಮ್ ದೊಡ್ಡಗಾಜನೂರಜ್ಜೀಗ ಯೋಳು, ಮೊದ್ಲು ಕುಂತ್ಕಳ್ಲಿ." ಹುಡುಗಿ ಇದ್ಯಾವುದನ್ನೂ ಕೇಳಲಿಲ್ಲ. ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಸಾರಿಗೆ ಅನ್ನ ಕಲಸಿ ಉಣ್ಣುತ್ತಿದ್ದಳು. ಅಷ್ಟು ದಿನದಲ್ಲಿ ಮೊದಲ ಸಲ ಅನ್ನ ಒಳಗೆ ನಿಂತಿತು.

ಆಮೇಲೆ ಬೀಗಿತ್ತಿ ಬೆರಳು ಮಡಚಲು ಶುರು ಮಾಡಿದಳು. ನಾನು ಆ ಲೆಕ್ಕ ಸಗಣಿ ದಿನವೇ ಮಾಡಿ ಮುಗಿಸಿದ್ದೆ, ಅದಕ್ಕೇ ಅವಳ ಮುಖ ನೋಡಲು ಬೇಗ ಬೇಗ ಬಾಗಿಲಿಗೆ ಬಂದೆ. ಮಡಚುತ್ತಾ ಮಡಚುತ್ತಾ ಹೋಗಿ ಒಂದು ಬೆರಳಿಗೆ ನಿಂತಳು.

"ಚಿತ್ತಿರೆ" ಅಂದಳು.

ಬೇಡ ಬೇಡ ಅಂದ ತಿಂಗಳಿಗೇ ಸರಿಯಾಗಿ ಬಂದಿತ್ತು. ಅಂದರೆ ಬಸುರು ನಿಂತಾಗ ಆಷಾಢ ಮುಗಿದಿತ್ತು, ಆಡಿ ಮುಗಿದಿರಲಿಲ್ಲ. ಬಿತ್ತನೆ ತರಲು ಹೋಗಿದ್ದ ಮಹಾರಾಯ ಬಾಗಿಲ ಸಂದಿಯಿಂದ ಮೆಲ್ಲಗೆ ಕೊಟ್ಟಿಗೆಯ ಕಡೆ ಜಾರಿದ. ಗೌಡ ಮೀಸೆಯ ಮರೆಯಲ್ಲಿ ಏನೋ ಮಾಡಿದ, ನಕ್ಕನೋ ಕೆಮ್ಮಿದನೋ. ಗೌಡ್ತಿ ಮಾತ್ರ ಉಸಿರು ಹಿಡಿದಿದ್ದಳು. ಇನ್ನೊಂದು ಜಗಳ ಆದರೆ ಈ ಸಲ ಉಪ್ಸಾರೂ ಹಿಂದಕ್ಕೆ ಹೋಗುತ್ತದೆ.

ಬೀಗಿತ್ತಿ ಮಡಚಿದ ಬೆರಳನ್ನು ನೋಡಿದಳು, ಉಣ್ಣುತ್ತಿದ್ದ ಮಗಳನ್ನು ನೋಡಿದಳು. ನೆಟ್ಟಗೆ ಕೂತು, ಹೊಟ್ಟೆಯ ಕಡೆಗಲ್ಲ, ಗೌಡ್ತಿಯ ಮುಖಕ್ಕೇ ಹೇಳಿದಳು.

"ಆಡೀಲಿ ಬಿತ್ತುದ್ರ ಕೈ ಬುಡದಿಲ್ಲ ಅಂತ ನಾ ಅವತ್ತೇ ಯೋಳ್ನಿಲ್ವಾ?"

ಗೌಡ್ತಿ ನಕ್ಕಳು ನೋಡಿ, ನಿಂತಿದ್ದವಳು ಕೂತುಬಿಟ್ಟಳು. ಬೀಗಿತ್ತಿಯೂ ನಕ್ಕಳು. ಸೊಸೆ ಮುಖಕ್ಕೆ ಸೆರಗು ಎಳೆದುಕೊಂಡಳು, ಆದರೆ ಉಣ್ಣುವುದು ನಿಲ್ಲಿಸಲಿಲ್ಲ. ಕೊಟ್ಟಿಗೆಯಲ್ಲಿ ಬಕೀಟು ಬಿದ್ದ ಸದ್ದಾಯಿತು.

ಮಧ್ಯಾಹ್ನ ಇಬ್ಬರೂ ಬೀಗಿತ್ತಿಯರು ಸೇರಿ ಉಳಿದ ಪಾತಿಗೆ ಗೆಡ್ಡೆ ನೆಟ್ಟರು. ಅದೆಲ್ಲ ಆದ ಮೇಲೆ ಗೌಡ್ತಿ ಕೈ ತೊಳೆಯಲು ಬೇಲಿಯ ಹತ್ತಿರ ಬಂದಳು. ನನಗೂ ಎದೆಯಲ್ಲಿ ಒಂದು ಭಾರ ಇತ್ತು, ಇಳಿಸಿಕೊಂಡುಬಿಡೋಣ ಅಂತ ನಾನೇ ಮೊದಲು ಮಾತು ತೆಗೆದೆ.

"ಅಲ್ಲ ಕಣಮ್ಮಿ, ದೊಡ್ಡಗಾಜನೂರಿಗೆ ಅದ್ಯಾರು ಹೇಳಿದ್ರೋ. ಜನ ಹೆಂಗಿದ್ದಾರೆ ನೋಡು. ನಾನಂತೂ ಯಾರ ಹತ್ರನೂ ತುಟಿ ಬಿಚ್ಚಿಲ್ಲ, ನಿನ್ನಾಣೆಗೂ."

ಗೌಡ್ತಿ ಸೆರಗಿಗೆ ಕೈ ಒರೆಸಿಕೊಂಡಳು. ಒಂದು ತಟ್ಟೆಯಲ್ಲಿ ಒಬ್ಬಟ್ಟು ತಂದು ಬೇಲಿಯ ಮೇಲಿಂದ ನನ್ನ ಕೈಗೆ ಕೊಟ್ಟಳು. ಕೊಟ್ಟು, ನನ್ನ ಮುಖವನ್ನೇ ನೋಡಿಕೊಂಡು ಹೇಳಿದಳು.

"ಬುಡಿ ಅಕ್ಕ, ನನ್ ಮುಂದ ಯಾಕ? ನಾನಾಗಿ ಫೋನ್ ಮಾಡುದ್ರ ಸೋತಂಗಾಯ್ತಿತ್ತು, ಆಣ ಇಟ್ಟೋಳು ನಾನೇ, ಎಂಗ ತಗೀಲಿ? ಮಗು ನೋಡುದ್ರ ಉಣ್ದೇ ಸೊರಗ್ತಿತ್ತು. ರಾಹುಕಾಲ ಅಂತ ನಂಗೂ ಗೊತ್ತಿತ್ತು ಕಣಕ್ಕ. ಆದ್ರ ನೀವು ಡೈರಿಗ ಒರಡೋದು ಅದೇ ಒತ್ತಲ್ವಾ? ನಾ ಅವತ್ತು ಪಂಚಾಂಗನೂ ನೋಡ್ನಿಲ್ಲ, ಚಂದ್ರನ್ನೂ ನೋಡ್ನಿಲ್ಲ. ಬೇಲಿ ಮ್ಯಾಲ ನಿಮ್ ತಲ ಎದ್ದುದ್ದ ನೋಡ್ಕಂಡು ಗೆಡ್ಡ ನೆಡಿಸ್ದೆ."